ಸಂಜೆ ಐದರ ಕರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂವತ್ತೊಂದು ವರ್ಷ ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದ್ರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹೆಸರು ಕೂಗಬೇಕು. ಹೊತ್ತಿಗೆ ಬಂದವರಿಗೆ ಪೂರ್ತಿ ಹಾಜರಿ, ತಡವಾದವರಿಗೆ ಅರ್ಧ ದಿನ. ಕೊಯ್ಲಿನಲ್ಲಿ ಸಂಜೆ ಚೀಲ ತೂಗಿ ಕಿಲೋ ಲೆಕ್ಕ ಬರೆಯಬೇಕು.

ಹಾಗಾಗಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ಕೇಳಿದಾಗೆಲ್ಲ ನನಗೆ ಕಿರಿಕಿರಿ ಆಗುತ್ತಿತ್ತು. ಯೇಸುಸ್ವಾಮಿ ಹೇಳಿದ ಸಾಮತಿ, ಅಂದ್ರೆ ನೀತಿ ಹೇಳುವ ಕತೆ, ಅದು. ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ! ಯಾವ ಚೆಕ್‌ರೋಲಿಗೂ ಹೊಂದದ ಲೆಕ್ಕ, ಅಲ್ವಾ?

2017ರ ಕೊನೆಗೆ ನಿವೃತ್ತನಾದೆ. ಮುಂದಿನ ಜನವರಿ ತುಂಬಾ ಕಷ್ಟವಾಯಿತು. ರೊಬಸ್ಟಾ ಕೊಯ್ಲು ಜೋರಾಗಿತ್ತು. ಜನ ತುಂಬಿದ ಜೀಪುಗಳು ಮನೆ ಮುಂದೆ ಹೋಗುತ್ತಿದ್ದವು. ನಾನು ಗೇಟು ಹಿಡಿದು ನಿಂತಿರುತ್ತಿದ್ದೆ. ದೇವರೇ, ಇನ್ನು ನಾನು ಯಾತಕ್ಕೆ ಅಂತ ಕೇಳುತ್ತಿದ್ದೆ.

ಒಂದು ಭಾನುವಾರ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ಕೂತಿದ್ದಾಗ ಆ ಸಾಮತಿ ನೆನಪಾಯಿತು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ನೆಲೆ ಕೊಟ್ಟ ಊರು ಇದು. ಹೋಗಲು ಜಾಗವಿಲ್ಲದವರನ್ನು ಅರಸ ಬನ್ನಿ ಅಂದಿದ್ದ. ಅವತ್ತು ನನ್ನ ಮನಸ್ಸು ಹಿಡಿದದ್ದು ಕೂಲಿಯನ್ನಲ್ಲ, ಐದು ಗಂಟೆಯ ಮಾತನ್ನು. ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಯಜಮಾನ ಕೇಳುತ್ತಾನೆ. ನಮ್ಮನ್ನು ಯಾರೂ ಕರೆಯಲಿಲ್ಲ ಅಂತ ಅವರು ಹೇಳುತ್ತಾರೆ.

ಆ ನಿಂತವರನ್ನು ನಾನು ನೋಡಿದ್ದೇನೆ. ಬಸ್‌ ಸ್ಟ್ಯಾಂಡಿನಲ್ಲಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ನಿಂತ ಮುದುಕರು ಅವರು. ಗಟ್ಟಿಮುಟ್ಟಾದವರನ್ನೇ ಆರಿಸಿ ಜೀಪು ಹತ್ತಿಸುತ್ತಾರೆ. ವಯಸ್ಸಾದವರು ಬೇಡ ಅಂತ ಮೇಸ್ತ್ರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಯೋಚನೆ ಮಾಡಿ. ಕತ್ತಲಾಗಲು ಒಂದು ಗಂಟೆ ಇರುವಾಗ ಕೆಲಸ ಆಗಲಿ ಅಂತ ಯಾರೂ ಆಳು ಕರೆಯುವುದಿಲ್ಲ. ಆ ಯಜಮಾನ ಬಂದದ್ದು ಬೆಳೆಗಾಗಿ ಅಲ್ಲ, ನಿಂತವರಿಗಾಗಿ. ದೈವಕರೆ ಅಂದ್ರೆ ಚರ್ಚಿನ ಗುರುಗಳಾಗುವುದು, ಸಿಸ್ಟರ್ ಆಗುವುದು ಅಂತಲೇ ನಾನು ತಿಳಿದಿದ್ದೆ. ಬದುಕಿನ ಉದ್ದೇಶ ಅಂದ್ರೆ ಯಾವುದಾದರೂ ದೊಡ್ಡ ಕೆಲಸ ಅಂದುಕೊಂಡಿದ್ದೆ. ಆದರೆ ದೇವರಿಗೆ ಬೇಕಾಗಿದ್ದದ್ದು ಮೊದಲು ನಾನು. ಕೆಲಸ ಆಮೇಲೆ ಬಂತು.

ಅದು ಬಂದದ್ದು 2018ರ ಆಗಸ್ಟಿನಲ್ಲಿ. ಆ ಮಳೆ ನಿಮಗೆ ನೆನಪಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಪರಿಹಾರ ಕೇಂದ್ರವೊಂದಕ್ಕೆ ಅಕ್ಕಿ ಚೀಲ ಕೊಟ್ಟು ಬರಲು ಹೋಗಿದ್ದೆ. ಜನ ಬರುತ್ತಲೇ ಇದ್ದರು. ಯಾರು ಬಂದರು, ಯಾರು ಇನ್ನೂ ಬಂದಿಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ಹೆಸರು ಬರೆಯಲು ಯಾರಾದರೂ ಇದ್ದೀರಾ ಅಂತ ಒಬ್ಬ ಹುಡುಗ ಕೂಗಿದ.

ನಾನು ಕೈ ಎತ್ತಿದೆ.

ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದೆ. ಹೆಸರು, ಊರು, ಮನೆಯಲ್ಲಿ ಎಷ್ಟು ಜನ. ಅರ್ಧ ದಿನದ ಕಾಲಂ ಇಲ್ಲದ ಪಟ್ಟಿಯನ್ನು ಅವತ್ತೇ ಮೊದಲು ಬರೆದದ್ದು. ರಾತ್ರಿ ಒಬ್ಬ ಅಜ್ಜಿ ಬಂದರು. ಸೆರಗಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವರ ಹೆಸರು ಬರೆದೆ, ಮಗನದು ಬರೆದೆ. ಇನ್ಯಾರಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೌರಿ ಅಂದರು. ಮಗಳಾ ಅಂತ ಕೇಳಿದೆ. ಅಲ್ಲ, ಹಸು, ಕಟ್ಟಿದ ಹಗ್ಗ ಬಿಚ್ಚಿ ಬಂದಿದ್ದೇನೆ ಅಂದರು.

ಮಗನ ಹೆಸರಿನ ಕೆಳಗೆ ಗೌರಿ ಅಂತ ಬರೆದೆ. ಅಜ್ಜಿ ಬಗ್ಗಿ ನೋಡಿ, ಆ ಸಾಲಿನ ಮೇಲೆ ಬೆರಳಿಟ್ಟರು.