ಇನ್ನೊಂದು ಬೋರ್ ಕೊರೆಸುವ ಮುಂಚೆ

ರೈತ ಬಂಧುಗಳಿಗೆ ನಮಸ್ಕಾರ.

ತೋಟದ ಬೋರ್ ನಿಂತರೆ ನಮ್ಮ ಬಯಲುಸೀಮೆಯಲ್ಲಿ ಮೊದಲು ಆಗುವ ಕೆಲಸ ಪಾಯಿಂಟ್ ನೋಡಿಸುವುದು. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಗುರುತು ಹಾಕಿ, ಸಾಲ ಮಾಡಿ, ರಿಗ್ ಲಾರಿ ತರಿಸುತ್ತೇವೆ. ಗಿಡ ಕಣ್ಣೆದುರೇ ಒಣಗುತ್ತಿರುವಾಗ ಆ ಆಸೆಯನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ. ಆಳದಲ್ಲಿ ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಪಕ್ಕದಲ್ಲೇ ಇನ್ನೊಂದು ಬೋರ್ ಕೊರೆದರೆ ಎಷ್ಟೋ ಸಲ ಅದೇ ಬಿರುಕಿಗೆ ಇನ್ನೊಂದು ಕೊಳವೆ ಇಳಿಸಿದಂತಾಗುತ್ತದೆ. ಹೊಸ ನೀರು ಹುಟ್ಟುವುದಿಲ್ಲ, ಇದ್ದದ್ದೇ ಹಂಚಿಹೋಗುತ್ತದೆ.

ಒಂದು ಲೆಕ್ಕ ನೋಡಿ. 9 ಅಡಿಗೊಂದರಂತೆ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಗಿಡ. ಡ್ರಿಪ್‌ನಲ್ಲಿ ಗಿಡಕ್ಕೆ 20 ಲೀಟರ್ ಎಂದರೂ ದಿನಕ್ಕೆ 10,800 ಲೀಟರ್, ಬೇಸಿಗೆಯ 150 ದಿನಕ್ಕೆ 16 ಲಕ್ಷ ಲೀಟರ್ ದಾಟುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಅದೇ ಎಕರೆಯ ಮೇಲೆ ಬೀಳುವುದು 24 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಆವಿಯಾಗಿ, ಗಿಡಗಂಟೆ ಹೀರಿ, ಹಳ್ಳಕ್ಕೆ ಹರಿದು ಹೋಗುತ್ತದೆ. ಆಳದ ಬಿರುಕಿಗೆ ಇಳಿಯುವುದು ಅಲ್ಪ. ಮಳೆ ಚೆನ್ನಾಗಾದರೆ ಬೋರ್ ತಾನಾಗಿ ತುಂಬುತ್ತದೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬೋರ್ ಸುತ್ತ ಇಂಗುಗುಂಡಿ ತೆಗೆದು, ಹರಿದು ಬರುವ ಮಳೆನೀರನ್ನು ಸೋಸಿ ನಾವೇ ಒಳಗೆ ಇಳಿಸಬೇಕು.

ಇಂಗುಗುಂಡಿಗೆ ಕೈಹಾಕುವ ಮೊದಲು ಬೋರ್ ನೀರು ಕುಡಿಯುತ್ತದೆಯೇ ಎಂದು ನೋಡಿ. ಮೋಟಾರ್ ಎತ್ತಿಸಿ, ಒಂದು ಟ್ಯಾಂಕರ್ ಶುದ್ಧ ನೀರು ಬಿಡಿ. ಬೇಗ ಇಳಿದರೆ ಬಿರುಕು ತೆರೆದಿದೆ. ಕೇಸಿಂಗ್ (ಬೋರ್ ಬಾಯಿಯಿಂದ ಇಳಿಸಿದ ಪೈಪು) ತುಂಬಿ ನೀರು ಅಲ್ಲೇ ನಿಂತರೆ ಆ ಬೋರ್‌ಗೆ ದುಡ್ಡು ಸುರಿಯಬೇಡಿ, ಬಾಯಿ ಭದ್ರವಾಗಿ ಮುಚ್ಚಿಸಿ. ಮಕ್ಕಳ ಜೀವದ ಪ್ರಶ್ನೆ ಅದು.

ಹೀಗೆ ನೀರು ಇಳಿಸಿಕೊಳ್ಳುವ ಬೋರ್ ಆದರೆ ಕೇಸಿಂಗ್ ಸುತ್ತ ಉದ್ದ, ಅಗಲ, ಆಳ ಮೂರೂ 10 ಅಡಿ ಇರುವ ಗುಂಡಿ ತೆಗೆಯಿರಿ. ಗುಂಡಿಯ ತಳದಿಂದ ಮೇಲೆ ಮೂರು ಅಡಿಯವರೆಗೆ ಮಾತ್ರ ಕೇಸಿಂಗ್‌ಗೆ ಸಣ್ಣ ತೂತು ಕೊರೆದು, ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿಯಾಗಿ ಕಟ್ಟಿ. ಮೋಟಾರ್ ಒಳಗಿಟ್ಟೇ ಕೊರೆಯಬೇಡಿ, ಕೇಬಲ್‌ಗೆ ಪೆಟ್ಟಾಗುತ್ತದೆ. ಆಮೇಲೆ ತುಂಬುವ ಕೆಲಸ: ತಳದಲ್ಲಿ 5 ಅಡಿ ಎತ್ತರಕ್ಕೆ ದಪ್ಪ ಕಲ್ಲು, ಅದರ ಮೇಲೆ 2 ಅಡಿ 40 ಮಿ.ಮೀ. ಜಲ್ಲಿ, 1 ಅಡಿ 20 ಮಿ.ಮೀ. ಜಲ್ಲಿ, ಜಾಲರಿ ಹಾಸಿ 1 ಅಡಿ ಮರಳು. ಮೇಲಿನ 1 ಅಡಿ ಖಾಲಿ ಇರಲಿ. ಈ ಕ್ರಮ ತಿರುವುಮುರುವಾದರೆ, ಇಲ್ಲವೇ ತೂತು ಮೇಲೆ ಮರಳಿನ ಹತ್ತಿರ ಬಿದ್ದರೆ, ಸೋಸದ ರಾಡಿ ನೇರ ಬೋರ್‌ಗೆ ಹೋಗಿ ಬಿರುಕನ್ನೇ ಕಟ್ಟಿಬಿಡುತ್ತದೆ. ಬಿರುಕಿನಲ್ಲಿ ಕೂತ ಹೂಳನ್ನು ತೆಗೆಯುವುದು ಬಲು ಕಷ್ಟ.

ಗುಂಡಿ ದೊಡ್ಡದಾಗಿ ಕಂಡರೂ ಕಲ್ಲು ತುಂಬಿದ ಮೇಲೆ ಸಂದಿಗಳಲ್ಲಿ ಹಿಡಿಯುವುದು ಸುಮಾರು 10,000 ಲೀಟರ್. ಅದು ಒಂದು ದಿನದ ತೋಟದ ನೀರಿಗೂ ಸಾಲದು. ಹಾಗಾಗಿ ಹಲವು ಎಕರೆಯ ನೀರು ಹರಿದು ಬರುವ ಜಾಗ ಇರಬೇಕು, ಗುಂಡಿ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬಿ ಇಳಿಯಬೇಕು. ಎದುರಿಗೊಂದು ಕೃಷಿ ಹೊಂಡವಿದ್ದರೆ ನೀರು ನಿಂತು, ಹೂಳು ಅಲ್ಲೇ ಕೂತು, ತಿಳಿನೀರು ನಿಧಾನವಾಗಿ ಬರುತ್ತದೆ. ದನದ ಕೊಟ್ಟಿಗೆಯ ನೀರು, ಔಷಧಿ ಹೊಡೆದ ಹೊಲದ ನೀರು ಯಾವ ಕಾರಣಕ್ಕೂ ಇತ್ತ ಬರಕೂಡದು. ಅದೇ ನೀರನ್ನು ಊರು ಕುಡಿಯುತ್ತದೆ.

ಇಂಗುಗುಂಡಿಗಳು ಎಷ್ಟೋ ಸಲ ಕೆಡುವುದು ಯಾರೂ ತಿರುಗಿ ನೋಡದ್ದರಿಂದ. ಮಳೆ ನಿಂತ ಮೇಲೆ ಮರಳಿನ ಮೇಲ್ಮೈಯಲ್ಲಿ ಜೇಡಿಯ ತೆಳು ಪದರ ಒಣಗಿ, ಹಪ್ಪಳದಂತೆ ಬಿರಿದು ಅಂಚು ಮೇಲೇಳುತ್ತದೆ. ನೋಡಲು ಏನೂ ಅಲ್ಲ, ಆದರೆ ಅದು ನೆನೆದು ಮತ್ತೆ ಕೂಡಿಕೊಂಡರೆ ನೀರು ಒಳಗೆ ಇಳಿಯದು. ಯುಗಾದಿ ಕಳೆದ ಮೇಲೆ, ಭರಣಿ ಮಳೆ ಹುಟ್ಟುವ ಮೊದಲು, ಆ ಪದರವನ್ನು ಗುದ್ದಲಿಯಿಂದ ಕೆರೆದು ಹೊರಗೆ ಹಾಕಿ, ಕಡಿಮೆಯಾದಷ್ಟು ತೊಳೆದ ಮರಳು ಸೇರಿಸಿ. ಇಬ್ಬರು ಆಳಿಗೆ ಅರ್ಧ ದಿನದ ಕೆಲಸ.