ಲ್ಯಾಸಿ ಗಂಡೋ, ಹೆಣ್ಣೋ?

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಸಿನಿಮಾ, ಟಿವಿಯಲ್ಲಿ ಹೆಸರು ಮಾಡಿದ ಲ್ಯಾಸಿ ಗಂಡು ನಾಯಿಯೋ, ಹೆಣ್ಣೋ?

ಕಥೆಯಲ್ಲಿ ಹೆಣ್ಣು. ಆದರೆ ಹಾಲಿವುಡ್‌ನ ಎಂಜಿಎಂ ಕಂಪನಿಯ 1943ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದು ಪಾಲ್ ಎಂಬ ಗಂಡು. 1954ರಿಂದ 1973ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಧಾರಾವಾಹಿಯಲ್ಲೂ ಪಾಲ್ ಮತ್ತು ಅವನ ವಂಶದ ಗಂಡುಗಳೇ. ಕಾರಣ ಏನು ಗೊತ್ತಾ? ಕೂದಲು! ಲ್ಯಾಸಿ ಕೋಲಿ ತಳಿಯ ನಾಯಿ. ಆ ತಳಿಯ ಹೆಣ್ಣಿಗೆ ಬೆದೆ ಬಂದಾಗೆಲ್ಲ ಕೂದಲು ಜಾಸ್ತಿ ಉದುರುತ್ತದೆ. ಬಾಗಿಲಾಚೆ ಪೊದೆಗೂದಲಿನ ನಾಯಿ, ಒಳಗೆ ಬಂದರೆ ಬಡಕಲು ನಾಯಿ ಅಂತಾದರೆ ನೋಡುವವರು ನಗುವುದಿಲ್ಲವೇ? ಗಂಡು ಗಾತ್ರದಲ್ಲೂ ದೊಡ್ಡದು. ಜೊತೆಗಿರುವ ಹುಡುಗ ಒಂದೆರಡು ಇಂಚು ಬೆಳೆದರೂ ಎದ್ದು ಕಾಣುವುದಿಲ್ಲ.

1939ರ ‘ದಿ ವಿಝರ್ಡ್ ಆಫ್ ಆಝ್’ನಲ್ಲಿ ಇದು ಉಲ್ಟಾ. ಕಥೆಯ ನಾಯಿ ಟೋಟೋ ಗಂಡು, ನಟಿಸಿದ್ದು ಟೆರ್ರಿ ಎಂಬ ಹೆಣ್ಣು. ವಾರಕ್ಕೆ 125 ಡಾಲರ್ ಸಂಬಳ. ಅದೇ ಸಿನಿಮಾದ ಎಷ್ಟೋ ಮನುಷ್ಯರಿಗೆ ಅಷ್ಟು ಸಿಗಲಿಲ್ಲ!

ಈಗ ಮಾತಾಡುವ ಕುದುರೆ, ಮಿಸ್ಟರ್ ಎಡ್. 1961ರಲ್ಲಿ ಶುರುವಾದ ಧಾರಾವಾಹಿ. ದನಿ ಅಲನ್ ಲೇನ್ ಎಂಬ ನಟರದ್ದು, ಆದರೆ ತೆರೆಯ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಬಾಯಿ ಆಡಿಸುವುದು ಹೇಗೆ? ತುಟಿಗೆ ಪೀನಟ್ ಬಟರ್ ಸವರುತ್ತಿದ್ದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಅದು ತಾನೇ ಸುಮ್ನೆ ಹುಟ್ಟಿಸಿದ ಕಥೆ ಅಂತ ಸಹನಟ ಅಲನ್ ಯಂಗ್ ಆಮೇಲೆ ಒಪ್ಪಿಕೊಂಡರು. ನಿಜವಾಗಿ ಇದ್ದದ್ದು ಮೇಲ್ತುಟಿಯ ಒಳಗೆ ಒಂದು ನೈಲಾನ್ ದಾರ. ಅದನ್ನು ಎಳೆದರೆ ಕಿರಿಕಿರಿಯಾಗಿ ಕುದುರೆ ತುಟಿ ಆಡಿಸುತ್ತಿತ್ತು. ಯಂಗ್ ಹೇಳುವಂತೆ, ಬರುಬರುತ್ತಾ ದಾರವೇ ಬೇಕಾಗಲಿಲ್ಲ. ಅವರು ತಮ್ಮ ಮಾತು ಮುಗಿಸಿದರೆ ಸಾಕು, ಎಡ್ ತಾನಾಗಿಯೇ ತುಟಿ ಆಡಿಸುತ್ತಿದ್ದ. ನನ್ನ ಕಣ್ಣಿಗೆ ಇವನೇ ಇವರೆಲ್ಲರಲ್ಲಿ ದೊಡ್ಡ ಕಲಾವಿದ. ತನ್ನ ಸರದಿ ಯಾವಾಗ ಅಂತ ಗೊತ್ತಿತ್ತಲ್ವಾ!

ಇಷ್ಟು ಹೊತ್ತು ನಕ್ಕೆವು. ಆದರೆ ಈ ಕೆಲಸಕ್ಕೆ ಪ್ರಾಣಿಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. 1939ರ ‘ಜೆಸ್ಸಿ ಜೇಮ್ಸ್’ ಸಿನಿಮಾಕ್ಕಾಗಿ ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದ ಕುದುರೆ ಸತ್ತಿತು. ಜನ ಸಿಟ್ಟಾದರು. ಮರುವರ್ಷ ಅಮೆರಿಕನ್ ಹ್ಯೂಮೇನ್ ಎಂಬ ಪ್ರಾಣಿದಯಾ ಸಂಸ್ಥೆ ಹಾಲಿವುಡ್ ಚಿತ್ರೀಕರಣಗಳ ಮೇಲೆ ಕಣ್ಣಿಡಲು ಶುರು ಮಾಡಿತು.

ಇನ್ನು ಫ್ಲಿಪ್ಪರ್. 1964ರಲ್ಲಿ ಟಿವಿಗೆ ಬಂದ ಡಾಲ್ಫಿನ್. ಕಥೆಯಲ್ಲಿ ಗಂಡು, ನೀರಲ್ಲಿ ಹೆಚ್ಚಾಗಿ ಹೆಣ್ಣುಗಳು. ಅವನ್ನು ಪಳಗಿಸಿದವರು ರಿಕ್ ಓ'ಬ್ಯಾರಿ. ಧಾರಾವಾಹಿ ಮುಗಿದ ಮೇಲೆ, 1970ರಲ್ಲಿ, ಫ್ಲಿಪ್ಪರ್ ಆಗಿ ನಟಿಸಿದ್ದ ಕ್ಯಾಥಿ ಎಂಬ ಡಾಲ್ಫಿನ್ ಅವರ ತೋಳಿನಲ್ಲೇ ಸತ್ತಿತು. ಅದು ಬೇಕೆಂದೇ ಉಸಿರು ನಿಲ್ಲಿಸಿತು ಅಂತ ಅವರು ನಂಬುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಆದರೆ ಆಮೇಲೆ ಅವರು ಮಾಡಿದ್ದನ್ನು ನೋಡಿ. ಕೆಲವೇ ದಿನಗಳಲ್ಲಿ ಬಹಾಮಾಸ್‌ಗೆ ಹೋಗಿ, ಕೂಡಿಹಾಕಿದ್ದ ಇನ್ನೊಂದು ಡಾಲ್ಫಿನ್ನನ್ನು ಬಿಡಿಸಲು ಹೊರಟು ಜೈಲು ಸೇರಿದರು. ಹಿಡಿದು ಪಳಗಿಸುವ ಕೆಲಸಕ್ಕೆ ಮತ್ತೆ ಮರಳಲೇ ಇಲ್ಲ.