ಮಳೆಗಾಲದಲ್ಲಿ ಹಳೇ ಗೇಮಿಗೆ ಗ್ರೇಡ್ ಹಾಕೋದು

ಹಂಚಿನ ಮೇಲಿನ ಮಳೆ ಸದ್ದು ಮೈಕಿಗೆ ಬರ್ತಿದೆ, ಸಹಿಸ್ಕೊಳ್ಳಿ. ತೀರ್ಥಹಳ್ಳಿಯ ಜುಲೈ ಇದು. ಮಳೆ ನಿಲ್ಲಲಿ ಅಂತ ಕಾದ್ರೆ ವಿಡಿಯೊ ದೀಪಾವಳಿಗೇ.

ಮೇಜಿನ ಮೇಲಿರೋದು ಅಲ್ಟಿಮಾ 4 ಅನ್ನೋ ಕಂಪ್ಯೂಟರ್ ಗೇಮ್, 1985ರದ್ದು. ಡಬ್ಬ, ಎರಡು ಪುಸ್ತಕ, ಬಟ್ಟೆ ನಕ್ಷೆ, ಲೋಹದ ಆಂಖ್ (ಕುಣಿಕೆ ತಲೆಯ ಶಿಲುಬೆ), ಗೇಮ್ ತುಂಬಿರೋ ಐದೂಕಾಲು ಇಂಚಿನ ಎರಡು ಫ್ಲಾಪಿ ಡಿಸ್ಕ್. ಆಂಖ್ ಒಂದು ಇಲ್ಲದಿದ್ರೂ ಇದು ಕಂಪ್ಲೀಟ್ ಅಲ್ಲ, ಡಬ್ಬ ಎಷ್ಟೇ ಹೊಳೀಲಿ.

ಗ್ರೇಡ್ ಅಂದ್ರೆ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋ ದರ್ಜೆ. ಡಬ್ಬಕ್ಕೊಂದು ಗ್ರೇಡ್, ಒಳಗಿನ ಒಂದೊಂದಕ್ಕೂ ಬೇರೆ. ಸರಾಸರಿ ಹಾಕ್ಬೇಡಿ ಮಾರಾಯ್ರೆ. ಮೇಲ್ದರ್ಜೆ ಸರಕನ್ನೂ ಕೆಳದರ್ಜೆ ಗೊರಬಲನ್ನೂ ಒಂದೇ ಚೀಲಕ್ಕೆ ಸುರಿದು ಅಡಿಕೆ ಮಂಡಿಗೆ ಹೋಗ್ತೀರಾ?

ಟಾರ್ಚ್ ಅಡ್ಡ ಹಿಡಿದಿದ್ದೀನಿ, ನೇರ ಬೆಳಕಲ್ಲಿ ಮಡಿಕೆ ಕಾಣಲ್ಲ. ಹಾಂ, ಮೂಲೆ ಬೆಳ್ಳಗಾಗಿದೆ. ಈ ಬೆಲೆ ಚೀಟಿ ಕಿತ್ತುಬಿಡೋಣ... ಅಲ್ಲ, ಬೇಡ, ಇರ್ಲಿ. ಅಂಟಿನ ಜತೆ ಬಣ್ಣಾನೂ ಎದ್ದು ಬಂದ್ರೆ ಗ್ರೇಡ್ ಒಂದು ಮೆಟ್ಟಿಲು ಇಳಿಯುತ್ತೆ.

ಅಸಲಿ ತಲೆನೋವು ಬೂಷ್ಟು. ಮಾರೋರು 'ನಿಯರ್ ಮಿಂಟ್' (ಹೆಚ್ಚುಕಮ್ಮಿ ಹೊಸದರ ಹಾಗೆ) ಅಂತ ಡಬ್ಬದ ಆರೂ ಮುಖದ ಫೋಟೊ ಹಾಕ್ತಾರೆ, ಫ್ಲಾಪಿಯ ಕಿಟಕಿ, ಅಂದ್ರೆ ಒಳಗಿನ ತಟ್ಟೆ ಕಾಣೋ ಸೀಳು, ಅದನ್ನ ಮಾತ್ರ ತೋರಿಸಲ್ಲ. ಕೇಳಿ ಹಾಕಿಸ್ಕೊಳ್ಳಿ. ನಡುವಿನ ತೂತಲ್ಲಿ ಬೆರಳಿಟ್ಟು ತಟ್ಟೆಯನ್ನ ನಿಧಾನ ತಿರುಗಿಸಿ, ಪೂರ್ತಿ ಒಂದು ಸುತ್ತು, ಎರಡೂ ಬದಿ. ಮಂಕು ಬಿಳಿ ಚುಕ್ಕೆ ಬೂಷ್ಟು. ದುಂಡನೆ ಗೀರು ಇದ್ದು ಅದರೊಳಗಿಂದ ಬೆಳಕು ತೂರಿದ್ರೆ ಆಕ್ಸೈಡ್ ಪದರವೇ ಕೆರೆದುಹೋಗಿದೆ. ಅಲ್ಲಿದ್ದ ಡೇಟಾ ವಾಪಸ್ ಬರಲ್ಲ. ಬೂಷ್ಟಿರೋದನ್ನ 'ಓದುತ್ತಾ ನೋಡೋಣ' ಅಂತ ಡ್ರೈವಿಗೆ ತುರುಕಲೇಬೇಡಿ. ಕೊಳೆ ಡ್ರೈವಿನ ಓದೋ ಹೆಡ್ಡಿಗೆ ಮೆತ್ತುತ್ತೆ, ಅದೇ ಹೆಡ್ ಮುಂದಿನ ಒಳ್ಳೇ ಫ್ಲಾಪಿಯನ್ನೂ ಉಜ್ಜುತ್ತೆ. ಕಿರ್ರ್ ಅಂತಾ? ತಕ್ಷಣ ಲಿವರ್ ತಿರುಗಿಸಿ ಹೊರಗೆ ತೆಗೀರಿ, ಮೊದಲು ಹೆಡ್ ಒರೆಸಿ.

ತಟ್ಟೆಯ ಬೂಷ್ಟು ಒರೆಸೋಕೆ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಸ್ವಾಬ್. ಒತ್ತಬಾರದು. ಸ್ವಾಬ್ ಕಂದು ಬಣ್ಣಕ್ಕೆ ತಿರುಗಿದ್ರೆ ನಿಲ್ಲಿಸಿ, ಬರ್ತಿರೋದು ಕೊಳೆ ಅಲ್ಲ, ಆಕ್ಸೈಡ್. ಲೇಬಲ್ಲಿಗೆ ಹನಿ ತಾಗಿದ್ರೆ ಶಾಯಿ ಹರಡುತ್ತೆ. ಫ್ಲಾಪಿಯ ಹೊರಕವಚ (ಜಾಕೆಟ್) ಸೀಳಿ ತಟ್ಟೆ ತೊಳೆದ್ರೆ ಚೆನ್ನಾಗೇ ಓದುತ್ತೆ, ಆದ್ರೆ ಸಂಗ್ರಹದ ಗ್ರೇಡ್ ಅಲ್ಲಿಗೆ ಮುಗೀತು.

ಎತ್ತಿಡೋದಕ್ಕೆ ಜಿಪ್ ಕವರ್, ಸಿಲಿಕಾ ಜೆಲ್, ಒಂದು ತೇವಮಾಪಕ. ತೇವ ಶೇ. 40ರಿಂದ 50ರೊಳಗೆ ಇರ್ಲಿ. ಒಣಗಿಸದೆ ಜಿಪ್ ಎಳೆದ್ರೆ ತೇವಾನೇ ಪ್ಯಾಕ್ ಮಾಡಿದ ಹಾಗೆ. ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿ ಆಯ್ತಾ, ಓವನ್ನಲ್ಲಿ 120 ಡಿಗ್ರಿಗೆ ಇಟ್ಟು ಒಣಗಿಸಿ. ಒಲೆ ಮೇಲಿನ ಅಟ್ಟ ಬೇಡ, ಅದು ಹಲಸಿನ ಹಪ್ಪಳಕ್ಕೆ ಸರಿ.

ಪುಸ್ತಕದ ಪಿನ್ನು ತುಕ್ಕು ಹಿಡಿದಿದೆ, ಕೀಳಬೇಡಿ, ಬರೆದಿಡಿ. ಗ್ರೇಡ್ ಚೀಟಿ (ಮೇಲಿಂದ ಕೆಳಕ್ಕೆ ನಿಯರ್ ಮಿಂಟ್, ವೆರಿ ಫೈನ್, ಫೈನ್, ಗುಡ್): ಡಬ್ಬ ವೆರಿ ಫೈನ್, ನಕ್ಷೆ ನಿಯರ್ ಮಿಂಟ್, ಪುಸ್ತಕ ಫೈನ್, ಮೊದಲನೇ ಫ್ಲಾಪಿ ಗುಡ್, 'ಬೂಷ್ಟು ಒರೆಸಿದ್ದು'. ಎರಡನೇದು ಇನ್ನೂ ಒಣಗಿಲ್ಲ, ಆ ಸಾಲು ಖಾಲಿ ಬಿಟ್ಟಿದ್ದೀನಿ.